ಶಿವಗಂಗವ್ವನ ರವಿವಾರದ ಭಜನೆ

ಪುಣೆಯ ಕೋಥರೂಡದ ಸ್ನೇಹಾಂಗಣ ಸೊಸೈಟಿಯ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಹದಿನೇಳು ನೋಟಿಸುಗಳಿವೆ. ಬಾಲ್ಕನಿಯಿಂದ ನೀರು ಚೆಲ್ಲಬಾರದು, ಪಾರಿವಾಳಗಳಿಗೆ ಕಾಳು ಹಾಕಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ನೋಟಿಸಿನ ಮೇಲೆ ಏನೂ ಬರೆಯಬಾರದು. ಹದಿನೇಳನ್ನೂ ಶುದ್ಧ ಮರಾಠಿಯಲ್ಲಿ ಬರೆದವರು ಸೆಕ್ರೆಟರಿ ಸಿದ್ದಲಿಂಗಪ್ಪನವರು. ಹದಿನೇಳನ್ನೂ ಅಂಟಿಸಿದವಳು ಅವರ ಹೆಂಡತಿ ಶಿವಗಂಗವ್ವ. ಓದಿದವರು ಯಾರು ಎಂದು ಮಾತ್ರ ಕೇಳಬೇಡಿ. ಪಾರಿವಾಳಗಳು ದಿನವೂ ಹೊಟ್ಟೆ ತುಂಬ ತಿಂದು ಹೋಗುತ್ತಿವೆ.

ಸಿದ್ದಲಿಂಗಪ್ಪನವರು ಕೆಟ್ಟವರಲ್ಲ. ಖಣ ಮತ್ತು ಇಳಕಲ್ ಸೀರೆಯ ಅಂಗಡಿಯನ್ನು ನಲವತ್ತು ವರ್ಷ ನಡೆಸಿ, ಮಗ ಮಾಂತುವಿಗೆ ಒಪ್ಪಿಸಿ ಮನೆಯಲ್ಲಿ ಕೂತವರು. ಅವರಿಗೆ ಇದ್ದದ್ದು ಒಂದೇ ಚಾಳಿ, ತಿದ್ದುವುದು. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ಪೆನ್ನು ಹುಡುಕುತ್ತಿದ್ದರು. ಖಾನಾವಳಿಯ ಬೋರ್ಡು ತಿದ್ದುತ್ತಿದ್ದರು, ರಿಕ್ಷಾದವನಿಗೆ ದಾರಿ ತಿದ್ದುತ್ತಿದ್ದರು. ಒಮ್ಮೆ ದವಾಖಾನೆಯಲ್ಲಿ ತಮ್ಮ ರಕ್ತದೊತ್ತಡ ಇಷ್ಟಿರಲಿಕ್ಕೆ ಸಾಧ್ಯವಿಲ್ಲವೆಂದು ಡಾಕ್ಟರರನ್ನೇ ತಿದ್ದಿ, ಆ ಭರದಲ್ಲಿ ಅದನ್ನು ಇನ್ನಷ್ಟು ಏರಿಸಿಕೊಂಡು ಬಂದಿದ್ದರು.

ಅಂಗಡಿ ಬಿಟ್ಟ ಮೇಲೆ ಈ ಭಾಗ್ಯವೆಲ್ಲ ಶಿವಗಂಗವ್ವನ ಪಾಲಿಗೆ ಬಂತು. ಒಗ್ಗರಣೆಗೆ ಸಾಸಿವೆ ಮೊದಲೋ ಜೀರಿಗೆ ಮೊದಲೋ, ಟವೆಲ್ಲನ್ನು ಅಡ್ಡ ಒಣಗಿಸಬೇಕೋ ಉದ್ದ ಒಣಗಿಸಬೇಕೋ, ಎಲ್ಲಕ್ಕೂ ಒಂದು ತಿದ್ದುಪಡಿ. ಅವಳ ಮರಾಠಿಯನ್ನಂತೂ ಮದುವೆಯಾಗಿ ಜಮಖಂಡಿ ಕಡೆಯಿಂದ ಪುಣೆಗೆ ಬಂದ ವಾರದಿಂದಲೇ ತಿದ್ದುತ್ತಿದ್ದರು. ಅವಳು ಪಕ್ಕದ ಮನೆಯವರೊಡನೆ ಎರಡು ಮಾತು ಆಡಿದರೆ ಹಿಂದಿನಿಂದ ಗಂಡನ ಧ್ವನಿ ಆ ಎರಡನ್ನೂ ಸರಿಯಾಗಿ ಇನ್ನೊಮ್ಮೆ ಹೇಳುತ್ತಿತ್ತು. ಕೇಳಿದವರು ನಗುತ್ತಿದ್ದರು. ಬರುಬರುತ್ತ ಶಿವಗಂಗವ್ವ ಮಾತು ಕಡಿಮೆ ಮಾಡಿದಳು. ಮೂವತ್ತೊಂಬತ್ತು ವರ್ಷಗಳಲ್ಲಿ ಅವಳ ಮರಾಠಿ ಕಾಯಿಪಲ್ಲೆಯ ಗಾಡಿಯ ಮುಂದೆ ಬೆರಳು ತೋರಿಸುವಲ್ಲಿಗೆ ಬಂದು ನಿಂತಿತ್ತು. ಊರೆಲ್ಲ ಮಾತಾಡುವಾಗ ತಾನೊಬ್ಬಳು ಬಾಯಿ ಮುಚ್ಚಿಕೊಂಡು ಇರುವುದು ಅವಳಿಗೆ ದುಃಖವೇ ಆಗಿತ್ತು, ಆದರೆ ಆ ದುಃಖವನ್ನೂ ಯಾರಾದರೂ ತಿದ್ದಿಯಾರೆಂದು ಹೇಳಿಕೊಂಡಿರಲಿಲ್ಲ.

ಹದಿನೆಂಟನೆಯ ನೋಟಿಸು ಸೊಸೈಟಿಯ ಹಾಲಿನ ಬಾಗಿಲಿಗೆ ಅಂಟಬೇಕಾಗಿತ್ತು. ರವಿವಾರ ಸಂಜೆ ಐದರಿಂದ ಏಳರವರೆಗೆ ಅಲ್ಲಿ ಆಫ್ರಿಕಾದ ಕುಣಿತ ಮತ್ತು ವಾದ್ಯದ ಕ್ಲಾಸು ಹೊಸದಾಗಿ ಶುರುವಾಗಿತ್ತು. ಕಲಿಸುವವನು ಸೆಕು ಕಮಾರಾ, ಗಿನಿ ದೇಶದವನು, ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದವನು. ಅವನ ಅಜ್ಜ, ಅಪ್ಪ, ಇಬ್ಬರು ಕಾಕಾ ಎಲ್ಲರೂ ಊರಿನ ಮದುವೆ, ಹೆಸರಿಡುವ ಶಾಸ್ತ್ರ, ಸುಗ್ಗಿಗೆಲ್ಲ ಜೆಂಬೆ ಎಂಬ ಕೈಯಿಂದ ಬಡಿಯುವ ಚರ್ಮವಾದ್ಯ ಬಾರಿಸುವವರು. ಕ್ಲಾಸಿಗೆ ಈ ಹಾಲ್ ಗೊತ್ತುಮಾಡಿಕೊಟ್ಟವಳು ಮೂರನೆಯ ಮಹಡಿಯ ಬಾಡಿಗೆಯ ಹುಡುಗಿ ಸ್ಪಂದನಾ. ಮಂಡ್ಯದವಳು, ಹಡಪಸರದ ಐಟಿ ಆಫೀಸಿಗೆ ಹೋಗುವವಳು.

‘ಮೆಲ್ಲಗೆ ಬಾರಿಸತಕ್ಕದ್ದು’ ಎಂಬ ಆ ನೋಟಿಸಿಗೆ ಶಿವಗಂಗವ್ವ ಗೋಂದು ಹಚ್ಚುತ್ತಿದ್ದಾಗ ಬಾಗಿಲು ತೆರೆಯಿತು. ಸ್ಪಂದನಾ ಅವಳ ಕೈಗೆ ಒಂದು ಕೋಲು, ಒಂದು ಕಬ್ಬಿಣದ ಕಡ್ಡಿ ಕೊಟ್ಟುಬಿಟ್ಟಳು.

“ಆಂಟಿ, ಪ್ಲೀಸ್, ಹತ್ತೇ ನಿಮಿಷ. ದೊಡ್ಡ ಡ್ರಮ್ ಬಾರಿಸೋ ನಮ್ಮ ಮನೋಜ ಚಾಕಣದ ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ದಾನೆ. ಅದಿಲ್ದೆ ಡ್ಯಾನ್ಸೇ ಆಗಲ್ಲ.”

“ಅಯ್ಯ ತಂಗಿ, ನನಗೇನು ಬರತದ?”

ಏನು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ದುನುನ್ ಎಂಬ ಆ ದೊಡ್ಡ ವಾದ್ಯ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿತ್ತು. ಬಲಗೈಯ ಕೋಲಿನಿಂದ ತೊಗಲಿಗೆ ಬಡಿಯಬೇಕು, ಎಡಗೈಯ ಕಬ್ಬಿಣದ ಕಡ್ಡಿಯಿಂದ ಮೇಲೆ ಕಟ್ಟಿದ ಗಂಟೆಗೆ ಬಡಿಯಬೇಕು. ಸೆಕು ಎರಡು ಸಲ ಬಡಿದು ತೋರಿಸಿದ. ಉಳಿದವರು ಏನೇ ಚಮತ್ಕಾರ ಮಾಡಲಿ, ಈ ಪೆಟ್ಟು ಮಾತ್ರ ಜಗ್ಗಬಾರದು, ಓಡಬಾರದು, ಅಲಂಕಾರ ಮಾಡಿಕೊಳ್ಳಬಾರದು. ತವರಿನ ಇಪ್ಪತ್ತು ಮಂದಿಯ ಮನೆಯಲ್ಲಿ ದಿನಕ್ಕೆ ಅರವತ್ತು ಜೋಳದ ರೊಟ್ಟಿ ಬಡಿದ ಕೈಗೆ ಇದೇನು ದೊಡ್ಡ ಮಾತು? ಹತ್ತು ನಿಮಿಷ ಎರಡು ತಾಸಾಯಿತು. ಗೋಂದು ಒಣಗಿ ನೋಟಿಸು ಎಲ್ಲಿಗೋ ಹಾರಿಹೋಯಿತು.

ಸೆಕುವಿಗೆ ಕನ್ನಡ ಬಾರದು, ಮರಾಠಿ ಬಾರದು, ಹಿಂದಿಯಲ್ಲಿ ‘ಅಚ್ಛಾ’ ಮತ್ತು ‘ಔರ್ ಏಕ್ ಬಾರ್’ ಇಷ್ಟೇ ಬರುತ್ತಿತ್ತು. ಅವನು ಬಾರಿಸಿ ತೋರಿಸುತ್ತಿದ್ದ, ಅವಳು ಬಾರಿಸಿ ಉತ್ತರ ಕೊಡುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಪುಣೆಗೆ ಬಂದ ಮೇಲೆ ಶಿವಗಂಗವ್ವ ಇಷ್ಟೊಂದು ಹೊತ್ತು ಯಾರೊಡನೆಯೂ ಮಾತಾಡಿರಲಿಲ್ಲ. ಅವಳಿಗೆ ಖುಷಿಯಾಯಿತು, ಸಿಕ್ಕಾಪಟ್ಟೆ ಖುಷಿಯಾಯಿತು.

ಮನೆಯಲ್ಲಿ ಏನು ಹೇಳುವುದು? “ರವಿವಾರ ಭಜನಿಗೆ ಹೋಗತೀನ್ರಿ” ಎಂದಳು. ಸಿದ್ದಲಿಂಗಪ್ಪನವರಿಗೆ ಸಂತೋಷವೇ. ಆರು ತಿಂಗಳಲ್ಲಿ ಅವಳ ಅಂಗೈಯಲ್ಲಿ ದಡ್ಡು ಕಟ್ಟಿದ್ದನ್ನು ನೋಡಿ ಮಗನಿಗೆ ಹೇಳಿದರು, “ನೋಡೊ ಮಾಂತು, ನಿಮ್ಮವ್ವ ತಾಳ ಹಾಕಿ ಹಾಕಿ ಕೈ ಹೆಂಗ ಮಾಡಿಕೊಂಡಾಳ. ಭಕ್ತಿ ಅಂದ್ರ ಹಿಂಗಿರಬೇಕು.”

ಮಾಂತುವಿಗೆ ಎಲ್ಲ ಗೊತ್ತಿತ್ತು. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕ್ಲಾಸಿನಲ್ಲಿ ಕುಣಿತಕ್ಕೆ ಒಂದು ಕಟ್ಟಳೆ ಇತ್ತು. ಎಲ್ಲರೂ ದುಂಡಗೆ ನಿಲ್ಲುತ್ತಾರೆ, ಒಬ್ಬೊಬ್ಬರಾಗಿ ನಡುವೆ ಬರುತ್ತಾರೆ. ನಡುವೆ ಬಂದವರು ಯಾರೇ ಆಗಿರಲಿ, ಮುಖ್ಯ ಜೆಂಬೆ ಅವರ ಬೆನ್ನು ಹತ್ತಬೇಕು. ಅವರು ಕೈ ಎತ್ತಿದರೆ ಅದಕ್ಕೊಂದು ಪೆಟ್ಟು, ಕಾಲು ಕುಟ್ಟಿದರೆ ಅದಕ್ಕೊಂದು ಪೆಟ್ಟು. ಅವರಾಗಿ ಮುಗಿಸುವವರೆಗೆ ವಾದ್ಯ ನಿಲ್ಲಿಸಿದರೆ ಬಂದವರಿಗೆ ಅವಮಾನ. ತಮ್ಮೂರಿನಲ್ಲಿ ಮದುವೆಯ ದಿನ ಶಾಲೆಯ ಹೆಡ್‌ಮಾಸ್ತರರೂ ಬರುತ್ತಾರೆ, ಕೋಲು ಹಿಡಿದ ಅಜ್ಜಿಯೂ ಬರುತ್ತಾಳೆ, ಕುಣಿಯಲು ಬರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ ಎಂದು ಸೆಕು ಹೇಳಿದ್ದನ್ನು ಸ್ಪಂದನಾ ಕನ್ನಡ ಮಾಡಿ ಹೇಳಿದ್ದಳು. ಹಾಗಾದರೆ ಅದು ಒಳ್ಳೆಯ ಊರು ಎಂದು ಶಿವಗಂಗವ್ವ ತೀರ್ಮಾನಿಸಿದ್ದಳು.

ಹೀಗಿರುವಾಗ ಭಾಮಾಬಾಯಿಯ ತಕರಾರು ಬಂತು. ಹಾಲಿನ ನೇರ ಮೇಲೆಯೇ ಅವರ ಮನೆ. ದೊಡ್ಡ ಡೋಲು ಬಡಿದಾಗ ಷೋಕೇಸಿನ ಕಪ್ಪುಬಸಿಗಳು ಗಡಗಡ ನಡುಗುತ್ತವೆ ಎಂದು ಕಮಿಟಿಗೆ ಬರೆದುಕೊಟ್ಟರು. ಸಿದ್ದಲಿಂಗಪ್ಪನವರು ಮೊದಲು ಅರ್ಜಿಯ ಎರಡು ಅಕ್ಷರ ತಿದ್ದಿದರು, ಆಮೇಲೆ ರೋಷಗೊಂಡರು. ಬರುವ ರವಿವಾರ ತಾವೇ ಖುದ್ದಾಗಿ ಹೋಗಿ, ಕ್ಲಾಸು ನಿಲ್ಲಿಸಿ, ಹಾಲಿಗೆ ಬೀಗ ಜಡಿದು ಬರುವುದಾಗಿ ಮೀಟಿಂಗಿನಲ್ಲಿ ಮಾತು ಕೊಟ್ಟರು.

“ಅದರಾಗ ಯಾವನೋ ಒಬ್ಬ ದೊಡ್ಡ ಡೋಲು ಬಡಿತಾನಂತ. ಮೊದಲ ಅವನ್ನ ಹಿಡಿಬೇಕು” ಎಂದರು ಮನೆಗೆ ಬಂದು.

ಶಿವಗಂಗವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಹೇಳಿಬಿಡಲೇ ಎಂದು ನಾಲ್ಕು ದಿನ ಯೋಚಿಸಿದಳು. ಹೇಳಿದರೆ ಅವರು ಮೊದಲು ಕೋಲು ಹಿಡಿಯುವ ರೀತಿ ತಿದ್ದುತ್ತಾರೆ, ಆಮೇಲೆ ಬೀಗ ಹಾಕುತ್ತಾರೆ. ಹೇಳದಿದ್ದರೆ ಬರೀ ಬೀಗ ಹಾಕುತ್ತಾರೆ. ಹೇಗೆ ನೋಡಿದರೂ ವಾರಕ್ಕೆ ಎರಡು ತಾಸಿನ ಆ ಸುಖ ಕೈಬಿಟ್ಟು ಹೋಗುವುದೇ. ಕೊನೆಯ ಸಲವಾದರೂ ಸರಿಯಾಗಿ ಬಾರಿಸಿ ಬರೋಣವೆಂದು ರವಿವಾರ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಆರು ತಿಂಗಳಿಂದ ಇದ್ದಂತೆ ಮನೋಜನಿಗೆ ಅಂದೂ ಸೆಕೆಂಡ್ ಶಿಫ್ಟೇ ಇತ್ತು.

ಐದೂಮುಕ್ಕಾಲಿಗೆ ಸಿದ್ದಲಿಂಗಪ್ಪನವರು ಬಂದರು. ಬಗಲಲ್ಲಿ ಸೊಸೈಟಿಯ ರಿಜಿಸ್ಟರು, ಕೈಯಲ್ಲಿ ಬೀಗ. ಹಿಂದೆ ಸಾಕ್ಷಿಗೆಂದು ಭಾಮಾಬಾಯಿ. ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದರು, ಯಾರಿಗೂ ಕೇಳಿಸಲಿಲ್ಲ. ಕೇಳಿಸಬೇಕಾದರೆ ನಡುವೆ ಹೋಗಿ ನಿಲ್ಲಬೇಕೆಂದು ಅವರಿಗೆ ಅನ್ನಿಸಿತು. ಗುಂಪನ್ನು ಸರಿಸಿಕೊಂಡು ದರ್ಪದಿಂದ ನಡೆದು ಚಕ್ರದ ನಟ್ಟನಡುವೆ ನಿಂತರು.

ಹುಡುಗರಿಗೆಲ್ಲ ಆನಂದವೋ ಆನಂದ. ಸೆಕ್ರೆಟರಿ ಕಾಕಾ ಕುಣಿಯಲು ಬಂದರು!

“ಬಂದ್ ಕರಾ!” ಎಂದು ಸಿದ್ದಲಿಂಗಪ್ಪನವರು ಬಲಗೈ ಎತ್ತಿದರು. ಸೆಕುವಿನ ಜೆಂಬೆ ಆ ಕೈಗೆ ಸರಿಯಾಗಿ ‘ಟಕ್’ ಎಂದಿತು. ಎಡಗೈಯನ್ನೂ ಎತ್ತಿದರು, ‘ಟಕ್ಕಟಕ್’. ಸಿಟ್ಟಿನಿಂದ ಕಾಲು ಕುಟ್ಟಿದರು, ‘ಧೀಂ’. ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದರೆ ಅದಕ್ಕೂ ತಕ್ಕಂತೆ ಸಣ್ಣ ಪೆಟ್ಟುಗಳು. ಸುತ್ತ ನಿಂತವರು ಚಪ್ಪಾಳೆ ಹಾಕತೊಡಗಿದರು. ಸ್ಪಂದನಾ ಎರಡೂ ಕೈ ಎತ್ತಿ, ಕಾಲು ಕುಟ್ಟಿ, ತಲೆ ಅಲ್ಲಾಡಿಸಿದಳು. ಅವಳನ್ನು ನೋಡಿ ಉಳಿದ ಹನ್ನೆರಡು ಮಂದಿಯೂ ಹಾಗೆಯೇ ಮಾಡಿದರು. ಬದುಕಿನಲ್ಲಿ ಮೊದಲ ಸಲ ಸಿದ್ದಲಿಂಗಪ್ಪನವರು ಮಾಡಿದ್ದನ್ನೆಲ್ಲ ಜನ ಚಾಚೂ ತಪ್ಪದೆ ಪಾಲಿಸುತ್ತಿದ್ದರು, ಅವರಿಗೆ ಬೇಕಾದ ಒಂದನ್ನು ಬಿಟ್ಟು.

ಡೋಲಿನ ಹಿಂದೆ ಶಿವಗಂಗವ್ವನ ಜೀವ ಬಾಯಿಗೆ ಬಂದಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ನಿಲ್ಲಿಸಿದರೆ ಗಂಡನಿಗೆ ಅವಮಾನ, ನಿಲ್ಲಿಸದಿದ್ದರೂ ಅವಮಾನ, ಯಾವುದು ದೊಡ್ಡದೆಂದು ಅವಳಿಗೆ ತಿಳಿಯಲಿಲ್ಲ. ಸಿದ್ದಲಿಂಗಪ್ಪನವರು ಬೆವರುತ್ತ ಗರ್ರನೆ ತಿರುಗಿ, ಈ ಎಲ್ಲದರ ಮೂಲ ದೊಡ್ಡ ಡೋಲೇ ಎಂದು ಕಂಡುಕೊಂಡು, ಅದರ ಕಡೆ ದಾಪುಗಾಲು ಹಾಕಿದರು. ಒಂದೊಂದು ಹೆಜ್ಜೆಗೂ ಜೆಂಬೆ ಪೆಟ್ಟು ಕೊಟ್ಟಿತು. ಹತ್ತಿರ ಹೋಗಿ ನೋಡಿದರೆ ಹಸಿರು ಇಳಕಲ್ ಸೀರೆ.

“ನೀ?”

ಡೋಲಿನಿಂದ ‘ಧೀಂ ಧೀಂ’.

“ಗಂಗಾ! ಭಜನಿ ಅಂದಿದ್ದಿ?”

“ಮಾತಾಡಸಬ್ಯಾಡ್ರಿ, ಲೆಕ್ಕ ತಪ್ಪತದ!”

ಸಿದ್ದಲಿಂಗಪ್ಪನವರ ಬಗಲಿನ ರಿಜಿಸ್ಟರು ಜಾರಿ ನೆಲಕ್ಕೆ ಬಿತ್ತು. ಅವರು ಬಗ್ಗಿ ನೆಲಕ್ಕೆ ಕೈ ಹಾಕಿದರು, ರಿಜಿಸ್ಟರನ್ನು ಎತ್ತಿ ಎದೆಗೆ ಒತ್ತಿಕೊಂಡರು. ಬಾರಿಸುವವರ ಮುಂದೆ ಬಂದು, ನೆಲ ಮುಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡರೆ ‘ಉಪಕಾರವಾಯಿತು, ನನ್ನದು ಮುಗಿಯಿತು’ ಎಂದು ಸೆಕುವಿನ ಊರಿನಲ್ಲಿ ಅರ್ಥ. ಸೆಕು ಮುಕ್ತಾಯದ ಪೆಟ್ಟುಗಳನ್ನು ಬಾರಿಸಿದ. ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತವು.

ಆಮೇಲೆ ಬಿದ್ದ ಚಪ್ಪಾಳೆಗೆ ಭಾಮಾಬಾಯಿಯೂ ಎರಡು ಸೇರಿಸಿದರು, ನಂತರ ನೆನಪಾಗಿ ಕೈ ಹಿಂದಕ್ಕೆ ಕಟ್ಟಿಕೊಂಡರು. ಸೆಕು ಎದ್ದು ಬಂದು ಸಿದ್ದಲಿಂಗಪ್ಪನವರ ಎರಡೂ ಕೈ ಹಿಡಿದು ಕುಲುಕಿದ. ಹಿರಿಯರೊಬ್ಬರು ಇಷ್ಟು ಗಟ್ಟಿಯಾಗಿ ಕುಣಿದದ್ದನ್ನು ಊರು ಬಿಟ್ಟ ಮೇಲೆ ನೋಡಿರಲಿಲ್ಲವಂತೆ. ಸ್ಪಂದನಾ ಅದನ್ನು ಕನ್ನಡದಲ್ಲಿ ಹೇಳಿದಾಗ ಸಿದ್ದಲಿಂಗಪ್ಪನವರು “ನಾ ಕುಣದಿಲ್ಲ” ಎಂದು ತಿದ್ದಲು ಹೋದರು. ಏದುಸಿರು ಮಾತು ಮುಗಿಸಲು ಬಿಡಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

“ಎಷ್ಟ ದಿನದಿಂದ?”

“ಆರು ತಿಂಗಳಾತ್ರಿ.”

“ನನಗ ಯಾಕ ಹೇಳಲಿಲ್ಲ?”

ಶಿವಗಂಗವ್ವ ಕೋಲು, ಕಡ್ಡಿ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು. “ಹೇಳಿದ್ರ ತಿದ್ದತೀರಿ. ಅಡಗಿ ತಿದ್ದರಿ, ಅರಬಿ ಒಣಗಸೂದು ತಿದ್ದರಿ, ಏನರೆ ಮಾಡ್ರಿ. ಇದೊಂದು ನಾ ತಪ್ಪಿಲ್ಲದ ಮಾಡತೀನಿ. ಇದನ್ನ ಕಸಗೋಬ್ಯಾಡ್ರಿ.”

ಸಿದ್ದಲಿಂಗಪ್ಪನವರು ಬೀಗವನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. ಮೀಟಿಂಗಿನಲ್ಲಿ ಕೊಟ್ಟ ಮಾತು ಅವರ ಕುತ್ತಿಗೆಯ ಮೇಲೆ ಕೂತಿತ್ತು, ಭಾಮಾಬಾಯಿ ಬಾಗಿಲಲ್ಲಿ ನಿಂತಿದ್ದರು. ಏನಾದರೂ ಹೇಳಲೇಬೇಕಾಗಿತ್ತು, ಆದರೆ ಶುದ್ಧ ಮರಾಠಿಯ ಆ ಭಂಡಾರದಲ್ಲಿ ಒಂದು ಮಾತೂ ಸಿಗಲಿಲ್ಲ.

ಆಗ ಶಿವಗಂಗವ್ವ ಎದ್ದಳು. ನೆಟ್ಟಗೆ ಭಾಮಾಬಾಯಿಯ ಮುಂದೆ ಹೋಗಿ ನಿಂತು ಮರಾಠಿಯಲ್ಲಿ ಮಾತಾಡಿದಳು. ಡೋಲನ್ನು ಹಾಲಿನ ಆ ಕಡೆಯ ಮೂಲೆಗೆ ಒಯ್ಯುತ್ತೇವೆ, ಕೆಳಗೆ ಎರಡು ದಪ್ಪ ಕೌದಿ ಹಾಸುತ್ತೇವೆ, ಆದರೂ ಕಪ್ಪು ನಡುಗಿದರೆ ನೀವು ಬಂದು ಹೇಳಿ, ನಾನೇ ನಿಲ್ಲಿಸುತ್ತೇನೆ, ರವಿವಾರದ ಎರಡು ತಾಸು ಮಾತ್ರ ನಮಗೆ ಬಿಟ್ಟುಕೊಡಿ ಎಂದಳು. ಮಾತಿನಲ್ಲಿ ಅರ್ಧ ಮರಾಠಿ, ಕಾಲು ಕನ್ನಡ, ಉಳಿದದ್ದು ಕೈಸನ್ನೆ. ಎಡವಿದಲ್ಲಿ ನಿಲ್ಲದೆ ಒಂದೇ ಉಸಿರಿಗೆ ಮುಗಿಸಿದಳು.

ಭಾಮಾಬಾಯಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. ಹದಿನಾಲ್ಕು ವರ್ಷದಿಂದ ಅದೇ ಲಿಫ್ಟಿನಲ್ಲಿ ಹತ್ತಿ ಇಳಿದವರು, ಈ ಹೆಂಗಸಿನ ಧ್ವನಿ ಕೇಳಿರಲೇ ಇಲ್ಲ.

“ನಿಮಗೆ ಮರಾಠಿ ಬರುತ್ತದಾ!” ಎಂದರು ಮರಾಠಿಯಲ್ಲಿ. “ಕೌದಿ ಹಾಸಿ ನೋಡೋಣ. ಮೊದಲು ಚಹಾಕ್ಕೆ ಮೇಲೆ ಬನ್ನಿ.”

ಶಿವಗಂಗವ್ವ ಗಂಡನ ಕಡೆ ನೋಡಿದಳು. ಅವಳ ಮಾತಿನಲ್ಲಿ ಏಳು ತಪ್ಪುಗಳಿದ್ದವು. ಒಂದೂ ಬಿಡದೆ ಸಿದ್ದಲಿಂಗಪ್ಪನವರು ಬೆರಳು ಮಡಿಸಿ ಎಣಿಸಿದ್ದರು, ಏಳು ಬೆರಳು ಇನ್ನೂ ಮಡಿಚಿಯೇ ಇದ್ದವು. ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಹೋಗಿ ಬಾ” ಎಂದರು. “ಛಲೋ ಹೇಳಿದಿ.”