ಖಾಲಿ ಬೆಂಚುಗಳಿಗೆ ಭಾಗಾಕಾರ

ಬೆಳಿಗ್ಗೆ ಆರೂವರೆ. ಶಾಲೆಯ ಗೇಟಿನ ಬೀಗ ತೆಗೆದ ಕಾವಲುಗಾರನ ಆಕಳಿಕೆ ಇನ್ನೂ ಮುಗಿದಿಲ್ಲ; ನಾಲ್ಕನೇ ತರಗತಿಯ ಕೋಣೆಯಲ್ಲಿ ಆಗಲೇ ಪಾಠ ಶುರುವಾಗಿದೆ. ಕಿಟಕಿಯಿಂದ ಇಣುಕಿದರೆ ಕಾಣುವುದು ಹತ್ತೊಂಬತ್ತು ಬೆಂಚುಗಳು, ಅಂಚಿನಲ್ಲಿ ಬಣ್ಣ ಎದ್ದಿರುವ ಒಂದು ಕಪ್ಪುಹಲಗೆ, ಅದರ ಮುಂದೆ ಐವತ್ತನಾಲ್ಕರ ಒಬ್ಬ ಶಿಕ್ಷಕಿ. ಮಕ್ಕಳು ಒಬ್ಬರೂ ಇಲ್ಲ.

ಎಂಟುನೂರ ಇಪ್ಪತ್ತನಾಲ್ಕನ್ನು ಎಂಟರಿಂದ ಭಾಗಿಸುವ ಲೆಕ್ಕವನ್ನು ಆಕೆ ಹಲಗೆಯ ಮೇಲೆ ಬರೆಯುತ್ತಾರೆ. ಹೋಗಿ ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತು, ಅಲ್ಲಿಂದ ಅಂಕಿಗಳು ಹೇಗೆ ಕಾಣುತ್ತವೆ ಎಂದು ನೋಡುತ್ತಾರೆ. ಎದ್ದು ಬಂದು ಎಂಟನ್ನು ಒರೆಸಿ ದೊಡ್ಡದಾಗಿ ಬರೆಯುತ್ತಾರೆ. ಆಮೇಲೆ ಬೆಂಚುಗಳತ್ತ ತಿರುಗಿ, "ಈಗ ಹೇಳ್ರಪ್ಪ, ಎರಡು ಹತ್ತು ಇದೆ, ಎಂಟು ಜನ ಇದ್ದೀರಿ, ಏನ್ ಮಾಡ್ತೀರಿ?" ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಾರೆ.

"ಮೊದಮೊದಲು ಒಳಗೆ ಯಾರನ್ನೋ ಕೂಡಿಹಾಕ್ಕೊಂಡು ಬೈತಿದ್ದಾರೆ ಅಂದ್ಕೊಂಡಿದ್ದೆ. ಹೋಗಿ ನೋಡಿದ್ರೆ ನರಪಿಳ್ಳೆ ಇಲ್ಲ. ಈಗ ನನಗೂ ಭಾಗಾಕಾರ ಬರುತ್ತೆ ಬಿಡಿ" ಎಂದು ಕಾವಲುಗಾರ ನಗುತ್ತಾನೆ.

ಇಂದು ಮಧ್ಯಾಹ್ನ ಮೂರು ಗಂಟೆಯೊಳಗೆ ಈ ಶಿಕ್ಷಕಿ ಮುಖ್ಯೋಪಾಧ್ಯಾಯಿನಿಗೆ ಒಂದು ಉತ್ತರ ಕೊಡಬೇಕು. ಗಣಿತವನ್ನೇ ಓದಿಕೊಂಡ ಹೊಸ ಶಿಕ್ಷಕರೊಬ್ಬರು ಸೋಮವಾರ ಶಾಲೆಗೆ ಸೇರುತ್ತಿದ್ದಾರೆ. ನಾಲ್ಕನೇ ತರಗತಿಯ ಲೆಕ್ಕವನ್ನು ಅವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೋ, ತಾವೇ ಉಳಿಸಿಕೊಳ್ಳುವುದೋ? ಎಂಟು ತಿಂಗಳ ಹಿಂದೆ ಈ ಪ್ರಶ್ನೆ ಬಂದಿದ್ದರೆ ಅದು ಪೂರ್ತಿಯಾಗುವ ಮೊದಲೇ ಆಕೆ ಕೈಮುಗಿದು ಒಪ್ಪಿಸಿಬಿಡುತ್ತಿದ್ದರು.

ಏಕೆಂದರೆ ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಈ ಶಾಲೆಗೆ ಬಂದ ಮೇಲಿನ ಹತ್ತೊಂಬತ್ತು ವರ್ಷ ಈಕೆ ಲೆಕ್ಕದ ಪಾಠವನ್ನೇ ಮಾಡಿರಲಿಲ್ಲ. ಪಕ್ಕದ ತರಗತಿಯಲ್ಲಿದ್ದ ಹಿರಿಯ ಶಿಕ್ಷಕರಿಗೆ ಮಕ್ಕಳು 'ಲೆಕ್ಕದ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಅವರಿಗೆ ಹಾಡೆಂದರೆ ಅಲರ್ಜಿ, ಈಕೆಗೆ ಅಂಕಿಯೆಂದರೆ ಜ್ವರ. ಇಬ್ಬರಲ್ಲೂ ಒಂದು ಒಪ್ಪಂದವಾಯಿತು. ಅವರ ತರಗತಿಯ ಹಾಡು, ಚಿತ್ರ, ಕಥೆ ಈಕೆಗೆ. ಈಕೆಯ ತರಗತಿಯ ಲೆಕ್ಕ ಅವರಿಗೆ. ಗಂಟೆ ಬಾರಿಸಿದೊಡನೆ ಇಬ್ಬರೂ ವರಾಂಡದಲ್ಲಿ ಎದುರುಬದುರಾಗಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದರು. ವೇಳಾಪಟ್ಟಿಯಲ್ಲಿ ಒಂದು ಹೆಸರು, ಕೋಣೆಯಲ್ಲಿ ಇನ್ನೊಂದು ಮುಖ. ಯಾರಿಗೂ ನಷ್ಟವಿರಲಿಲ್ಲ, ಫಲಿತಾಂಶವೂ ಚೆನ್ನಾಗಿಯೇ ಬರುತ್ತಿತ್ತು.

"ಚಿಕ್ಕವಳಿದ್ದಾಗ ಏಳರ ಮಗ್ಗಿ ತಪ್ಪಿದ್ದಕ್ಕೆ ನಮ್ಮ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, ಇದರ ತಲೆ ಸೋರೋ ಕೊಡ, ಎಷ್ಟು ಹಾಕಿದ್ರೂ ನಿಲ್ಲಲ್ಲ ಅಂದ್ರು. ಅವರೇನೋ ಹೇಳಿ ಮರೆತ್ರು. ನಾನು ನಂಬಿಬಿಟ್ಟೆ" ಎನ್ನುತ್ತಾರೆ ಶಿಕ್ಷಕಿ. ಮತ್ತೆ ಸೇರಿಸುತ್ತಾರೆ: "ನಂಬಿದ್ದಷ್ಟೇ ಆಗಿದ್ರೆ ಪರವಾಗಿರಲಿಲ್ಲ. ಮಕ್ಕಳ ತಾಯಂದಿರು ಬಂದು ಕೇಳಿದ್ರೆ, ಕೆಲವು ತಲೆಗೆ ಲೆಕ್ಕ ಹತ್ತಲ್ಲಮ್ಮ, ನನ್ನ ತಲೇನೂ ಹಂಗೇ ಅಂತಿದ್ದೆ. ಸಮಾಧಾನ ಹೇಳ್ತಿದೀನಿ ಅನ್ನೋ ಭ್ರಮೆ ನನಗೆ. ಎಷ್ಟು ಮಕ್ಕಳ ತಲೆ ಮೇಲೆ ಆ ಕೊಡ ಹೊರಿಸಿದೀನೋ ಲೆಕ್ಕ ಇಲ್ಲ."

ಈ ಶೈಕ್ಷಣಿಕ ವರ್ಷದ ಮೊದಲ ವಾರ ಲೆಕ್ಕದ ಮೇಷ್ಟ್ರು ನಿವೃತ್ತರಾದರು. ವರಾಂಡದಲ್ಲಿ ಎದುರಾಗಲು ಯಾರೂ ಉಳಿಯಲಿಲ್ಲ. ಮೂವತ್ತೆಂಟು ಮಕ್ಕಳು, ದಿನಕ್ಕೆ ಏಳು ಪೀರಿಯಡ್, ತಿದ್ದಲು ಸಂಜೆಗೆ ನೂರಕ್ಕೂ ಹೆಚ್ಚು ನೋಟ್‌ಬುಕ್. ಅದರ ಮೇಲೆ ಈ ಲೆಕ್ಕ. ಮೊದಲ ತಿಂಗಳುಗಳನ್ನು ಆಕೆ ಕೂಡಿಸುವುದು, ಕಳೆಯುವುದರಲ್ಲೇ ತಳ್ಳಿದರು. ಪಠ್ಯದ ಪುಟಗಳು ಮುಗಿಯುತ್ತ ಬಂದಂತೆ ಭಾಗಾಕಾರ ಎದುರಿಗೆ ಬಂದು ನಿಂತಿತು.

ಮೂರು ತಿಂಗಳ ಹಿಂದಿನ ಒಂದು ಸೋಮವಾರ ಆಕೆ ಹಲಗೆಯ ಮೇಲೆ ತಾವೇ ಹೊಸೆದ ಲೆಕ್ಕವೊಂದನ್ನು ಬರೆದರು: ಆರುನೂರ ಹನ್ನೆರಡನ್ನು ಆರರಿಂದ ಭಾಗಿಸಿ. ಆರರಲ್ಲಿ ಆರು ಒಂದು ಸಲ. ಮುಂದಿನ ಅಂಕಿ ಒಂದು. ಅದರಲ್ಲಿ ಆರು ಹೋಗುವುದಿಲ್ಲ, ಆದ್ದರಿಂದ ಪಕ್ಕದ ಎರಡನ್ನೂ ಇಳಿಸಿದರು. ಹನ್ನೆರಡರಲ್ಲಿ ಆರು ಎರಡು ಸಲ. ಉತ್ತರ ಹನ್ನೆರಡು. ನಡುವೆ ಬರಬೇಕಿದ್ದ ಸೊನ್ನೆ ಬರಲೇ ಇಲ್ಲ. ನೂರ ಎರಡು ಆಗಬೇಕಿದ್ದದ್ದು ಹನ್ನೆರಡಾಗಿ ಮೂವತ್ತೆಂಟು ನೋಟ್‌ಬುಕ್‌ಗಳಲ್ಲಿ ಇಳಿಯಿತು. ಸಂಜೆ ಅಷ್ಟಕ್ಕೂ ಕೆಂಪು ಶಾಯಿಯ ರೈಟ್ ಗುರುತು ಬಿತ್ತು. ಮಂಗಳವಾರ ಅದೇ ಬಗೆಯ ನಾಲ್ಕು ಲೆಕ್ಕ, ಬುಧವಾರ ಇನ್ನೂ ಐದು.

ಬುಧವಾರ ಮೂರನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಸಣ್ಣ ದೇಹದ, ಸದಾ ಪುಟಿಯುವ ಆ ಹುಡುಗಿಯನ್ನು ತರಗತಿಯೆಲ್ಲ 'ಗುಬ್ಬಿ' ಎನ್ನುತ್ತದೆ. "ಟೀಚರ್, ಸೋಮವಾರದ ಲೆಕ್ಕದಲ್ಲಿ ಹನ್ನೆರಡಾರ್ಲೆ ಎಪ್ಪತ್ತೆರಡು ಅಲ್ವಾ? ಆರುನೂರ ಹನ್ನೆರಡು ಹೆಂಗೆ ಬಂತು?"

ಶಿಕ್ಷಕಿಗೆ ಎಲ್ಲೋ ಎಡವಿದ್ದೇನೆ ಎಂದು ಹೊಳೆಯಿತು. ಎಲ್ಲಿ ಎಂಬುದು ಹೊಳೆಯಲಿಲ್ಲ. ಬಾಯಿಂದ ಬಂದದ್ದು ಇಷ್ಟು: "ಸುಮ್ನೆ ಕೂತ್ಕೋ. ಬಲು ಜಾಣೆ! ಹೇಳಿದಷ್ಟು ಬರ್ಕೋ."

ಕೈ ಇಳಿಯಿತು.

ತಪ್ಪು ಸಿಕ್ಕಿದ್ದು ಅದೇ ಸಂಜೆ, ಮನೆಯಲ್ಲಿ. ಆಕೆಯ ಅತ್ತೆಗೆ ಎಪ್ಪತ್ತೆಂಟು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಿದ್ಧ ಉಡುಪಿನ ಕಾರ್ಖಾನೆಗೆ ಮನೆಯಿಂದಲೇ ಅಂಗಿಗೆ ಗುಂಡಿ ಹೊಲಿದುಕೊಟ್ಟು ಮಗನನ್ನು ಬೆಳೆಸಿದವರು. ನೂರು ಗುಂಡಿಯ ಒಂದು ಸರ, ಹತ್ತರ ಒಂದು ಸರ, ಮಿಕ್ಕಿದ್ದು ಬಿಡಿ ಎಂದು ದಾರದಲ್ಲಿ ಪೋಣಿಸಿಡುವುದು ಅವರ ಲೆಕ್ಕದ ಕ್ರಮ. ಸೊಸೆಯ ಮಂಕು ಮುಖ ಕಂಡು ವಿಷಯ ಕೇಳಿದರು. ಸೊಸೆ ಹೇಳಿದರು.

"ಆರುನೂರ ಹನ್ನೆರಡು ಗುಂಡೀನ ಆರು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಬರೀ ಹನ್ನೆರಡಾ? ಮಿಕ್ಕಿದ್ದು ಯಾರ ಜೇಬಿಗೆ ಹೋಯ್ತೇ?" ಎಂದರು ಅತ್ತೆ. "ನಿನ್ನಂಥೋಳು ನಮ್ಮ ಮೇಸ್ತ್ರಿ ಆಗಿದ್ದಿದ್ರೆ ನಾವೆಲ್ಲ ಉಪವಾಸ ಬೀಳ್ತಿದ್ವಿ ಕಣೇ!"

ಡಬ್ಬಿ ತೆರೆದು ನೆಲದ ಮೇಲೆ ಹಂಚಿಯೇ ತೋರಿಸಿದರು. ನೂರರ ಸರ ಆರು, ಒಬ್ಬೊಬ್ಬರಿಗೆ ಒಂದು. ಹತ್ತರ ಸರ ಒಂದೇ. ಅದು ಇಡಿಯಾಗಿ ಯಾರಿಗೂ ಸಿಗುವುದಿಲ್ಲ. ದಾರ ಕತ್ತರಿಸಿ, ಬಿಡಿ ಗುಂಡಿಗಳ ಜೊತೆ ಸೇರಿಸಿದರೆ ಹನ್ನೆರಡು, ಒಬ್ಬೊಬ್ಬರಿಗೆ ಎರಡು. "ಹತ್ತರ ಸರ ಯಾರಿಗೂ ಸಿಗಲಿಲ್ಲ ಅಂತ ಬರೀಬೇಕಲ್ಲ, ಅದೇ ಸೊನ್ನೆ. ಅದನ್ನ ಬರೀದೇ ಹೋದ್ರೆ ನೂರರ ಸರ ಹತ್ತರ ಜಾಗಕ್ಕೆ ಬಂದು ಕೂತ್ಕೊಳ್ಳುತ್ತೆ" ಎಂದು ಶಿಕ್ಷಕಿ ಈಗ ವಿವರಿಸುವಾಗ, ಐವತ್ತನಾಲ್ಕರ ಮುಖದಲ್ಲಿ ಹತ್ತು ವರ್ಷದ ಹುಡುಗಿಯ ಬೆರಗು ಸುಳಿಯುತ್ತದೆ. ಅಷ್ಟು ವರ್ಷ ಬಾಯಿಪಾಠವಾಗಿದ್ದ ಭಾಗಾಕಾರ ಆಕೆಗೆ ಅರ್ಥವಾದದ್ದು ಅಂದು.

ಗುರುವಾರ ಏನು ಮಾಡುವುದು ಎಂಬುದು ಬೇರೆ ಮಾತು. ಏನೂ ಆಗದವರಂತೆ ಸರಿಯಾದ ಕ್ರಮಕ್ಕೆ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹಲಗೆಯ ಮುಂದೆ ನಿಂತು, "ಮೂರು ದಿನ ನಾನು ಹೇಳಿಕೊಟ್ಟಿದ್ದು ತಪ್ಪು. ಗುಬ್ಬಿ ಕೇಳಿದ್ದೇ ಸರಿ" ಎಂದುಬಿಟ್ಟರು. ಕೊನೆಯ ಬೆಂಚಿನಿಂದ ಮೊದಲ ಪ್ರಶ್ನೆ ಬಂತು: "ಟೀಚರ್, ಹಂಗಾದ್ರೆ ರೈಟ್ ಹಾಕಿದ್ದೆಲ್ಲ ವಾಪಸ್ ತಗೋತೀರಾ?" ಎರಡನೆಯದು ಅದಕ್ಕಿಂತ ಹರಿತವಾಗಿತ್ತು: "ತಪ್ಪು ಮಾಡಿದ್ರೆ ನಾವು ಐದು ಸಲ ಬರೀಬೇಕು. ನೀವು?"

ಶಿಕ್ಷಕಿ ಐದು ಸಲ ಬರೆದರು. ಮೂವತ್ತೆಂಟು ಮಕ್ಕಳು ಒಕ್ಕೊರಲಿನಿಂದ ಎಣಿಸಿದರು.

ಮರುದಿನದಿಂದಲೇ ಈ ಮುಂಜಾನೆಯ ಪಾಠ ಶುರುವಾಯಿತು. ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಅಂಜಿದ್ದರು, ಆದದ್ದೇ ಬೇರೆ. ಗೊತ್ತಾಗಲಿಲ್ಲ ಎಂದು ಎಂದೂ ಬಾಯಿಬಿಡದ ಮಕ್ಕಳು ಒಬ್ಬೊಬ್ಬರಾಗಿ ಮೇಜಿನ ಬಳಿ ಬರತೊಡಗಿದರು. "ಮೊದಲು ಪ್ರಶ್ನೆ ಕೇಳಿದ್ರೆ ನನ್ನನ್ನ ಪರೀಕ್ಷೆ ಮಾಡ್ತಿದ್ದಾರೆ ಅನ್ಸೋದು. ಈಗ ದಾರಿ ಕೇಳ್ತಿದ್ದಾರೆ ಅನ್ಸುತ್ತೆ. ನನಗೂ ದಾರಿ ಗೊತ್ತಿಲ್ಲದಿದ್ರೆ, ಬಾ ಹುಡುಕೋಣ ಅಂತೀನಿ. ಅಷ್ಟೇ ವ್ಯತ್ಯಾಸ" ಎನ್ನುತ್ತಾರೆ ಶಿಕ್ಷಕಿ.

ಒಂದು ಮಾತ್ರ ಸರಿಹೋಗಿಲ್ಲ. ಗುಬ್ಬಿ ಇನ್ನೂ ಕೈ ಎತ್ತಿಲ್ಲ.

ಇಂದಿನ ಮೂರನೇ ಪೀರಿಯಡ್‌ನಲ್ಲೂ ಹಾಗೆಯೇ. ಎಂಟು ಮಕ್ಕಳು ಸಾಲಾಗಿ ನಿಂತು, ಅತ್ತೆಯ ಡಬ್ಬಿಯಿಂದ ಬಂದ ಎಂಟುನೂರ ಇಪ್ಪತ್ತನಾಲ್ಕು ಗುಂಡಿಗಳನ್ನು ಹಂಚಿಕೊಳ್ಳುತ್ತಾರೆ. ಹತ್ತರ ಸರ ಎರಡೇ ಇರುವಾಗ "ಸೊನ್ನೆ, ಸೊನ್ನೆ!" ಎಂಬ ಕೂಗಿಗೆ ಕಿಟಕಿಯ ಗಾಜು ಅದುರುತ್ತದೆ. ಸುತ್ತಲೂ ಕೈಗಳ ಕಾಡು. ಮೂರನೇ ಬೆಂಚಿನಲ್ಲಿ ಗುಬ್ಬಿ ತಲೆ ತಗ್ಗಿಸಿ ಬರೆಯುತ್ತಿದ್ದಾಳೆ. ಅವಳ ಪುಟದಲ್ಲಿ ಉತ್ತರ ಎಲ್ಲರಿಗಿಂತ ಮೊದಲೇ, ಅತಿ ಸಣ್ಣ ಅಂಕಿಗಳಲ್ಲಿ ಬಂದು ಕೂತಿದೆ. ಶಿಕ್ಷಕಿ ಅವಳ ಪಕ್ಕ ನಿಂತು ನೋಡುತ್ತಾರೆ. ಹೆಸರು ಹಿಡಿದು ಕರೆಯುವುದಿಲ್ಲ. "ಕರೆದ್ರೆ ಹೇಳ್ತಾಳೆ. ಅದಲ್ಲ ನನಗೆ ಬೇಕಿರೋದು" ಎಂದು ಆಮೇಲೆ ಹೊರಗೆ ಬಂದು ಹೇಳುತ್ತಾರೆ.

ಮೂರು ಗಂಟೆ. ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಹೊಸ ವೇಳಾಪಟ್ಟಿ ಹರಡಿದೆ. ನಾಲ್ಕನೇ ತರಗತಿಯ ಲೆಕ್ಕದ ಚೌಕ ಖಾಲಿ ಇದೆ.

"ಹೊಸಬರ ಹೆಸರು ಬರೆದುಬಿಡ್ಲಾ?"

"ಬೇಡ ಮೇಡಂ. ಅವರಿಗೆ ಐದನೇ ಕ್ಲಾಸ್ ಕೊಡಿ. ಇದು ನನಗಿರಲಿ."

ಮುಖ್ಯೋಪಾಧ್ಯಾಯಿನಿ ಕನ್ನಡಕ ಕೆಳಗಿಳಿಸುತ್ತಾರೆ. "ಅಲ್ರೀ, ವರ್ಷದ ಶುರುವಿಂದ ನನ್ನ ತಲೆ ತಿಂದಿದ್ದು ಯಾರು? ಯಾರನ್ನಾದ್ರೂ ಹಾಕಿ, ಕಾವಲುಗಾರನಾದ್ರೂ ಸರಿ ಅಂದಿದ್ರಿ!"

"ಅಂದಿದ್ದೆ. ಅವರು ನನಗಿಂತ ಚೆನ್ನಾಗೇ ಹೇಳಿಕೊಡ್ತಾರೆ, ಅದೂ ಗೊತ್ತು. ಆದ್ರೆ ಆ ಮಗೂನ ಸುಮ್ನೆ ಕೂರಿಸಿದೋಳು ನಾನು. ಈಗ ನಾನು ಎದ್ದು ಹೋದ್ರೆ, ಅವಳ ಪಾಲಿಗೆ ನಾನು ಕೊನೇವರೆಗೂ ಸುಮ್ನೆ ಕೂತ್ಕೋ ಅಂದೋಳೇ. ಅವಳು ಕೈ ಎತ್ತೋವರೆಗೂ ನಾನಿಲ್ಲಿರಬೇಕು."

"ಎತ್ತದೇ ಇದ್ರೆ?"

"ಎತ್ತದೇ ಇದ್ರೂ ಇರ್ತೀನಿ. ಕಾಯೋದು ಗೊತ್ತಾಗಿದೆ ಈಗ."

ಮುಖ್ಯೋಪಾಧ್ಯಾಯಿನಿ ಪೆನ್ನನ್ನು ಶಿಕ್ಷಕಿಯ ಕಡೆಗೆ ಚಾಚುತ್ತಾರೆ. ಆಕೆ ಚೌಕದಲ್ಲಿ ತಮ್ಮ ಹೆಸರನ್ನು ತಾವೇ, ಕೊನೆಯ ಬೆಂಚಿಗೂ ಕಾಣುವಷ್ಟು ದಪ್ಪವಾಗಿ ಬರೆಯುತ್ತಾರೆ.

ನಿವೃತ್ತಿಗೆ ಇನ್ನೂ ಆರು ವರ್ಷ. ಪ್ರಶಸ್ತಿ, ಸನ್ಮಾನಗಳ ಮಾತೆತ್ತಿದರೆ ಅವುಗಳ ಪಾಡಿಗೆ ಅವಿರಲಿ ಎಂದು ಕೈ ಆಡಿಸುತ್ತಾರೆ. ಬೇರೆ ಯಾವ ಆಸೆಯೂ ಇಲ್ಲವೇ ಎಂದು ಕೇಳಿದರೆ ಮೆಟ್ಟಿಲ ಮೇಲೆ ಒಂದು ಕ್ಷಣ ನಿಲ್ಲುತ್ತಾರೆ.

"ಒಂದೇ ಒಂದಿದೆ. ಈ ಮಕ್ಕಳಲ್ಲಿ ಯಾರಾದ್ರೂ ಮುಂದೆ ಟೀಚರ್ ಆದ್ರೆ, ಲೆಕ್ಕದ ಪೀರಿಯಡ್ ಬಂದಾಗ ಭಯಪಟ್ಟು ಅದನ್ನ ಪಕ್ಕದ ಕ್ಲಾಸಿಗೆ ದಾಟಿಸಬಾರದು. ಅಷ್ಟಾದ್ರೆ ಸಾಕು."