ಮಧುರಾ ಕಡಿಯದೆ ಬಿಟ್ಟದ್ದು

ಮಧುರಾಳ ಪಿಎಚ್‌ಡಿಯ ಮೂರು ವರ್ಷ ಹಾಳು ಮಾಡಿದವನು ನಾನು, ಅವಳ ಗೈಡ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ.

ಅವಳು ಯಲ್ಲಾಪುರ ಕಡೆಯ ವಜ್ರಳ್ಳಿಯವಳು. 2003ರಲ್ಲಿ ಶಿರಸಿಯಲ್ಲಿ ನಮ್ಮ ಕಾಲೇಜಿನ ಹಿಂಬದಿಯ ಎರಡು ಕೋಣೆಯ ಲ್ಯಾಬಿಗೆ ಬಂದಳು. ಮಾತು ಕಡಿಮೆ, ಹಟ ಜಾಸ್ತಿ. ಡಬ್ಬಿಯ ಅವಲಕ್ಕಿಯನ್ನು ನಿಂತೇ ತಿಂದು ಕೆಲಸಕ್ಕೆ ತೊಡಗುತ್ತಿದ್ದಳು. ಬೈದರೆ ಅಳುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಗಾಗುತ್ತಿತ್ತು. ನನಗೋ, ಬೈಯುವುದು ಒಂದು ಚಟ.

ಹುಲೇಕಲ್ಲಿನ ಬೆಟ್ಟದ ಮಣ್ಣಿನಿಂದ ಅವಳು ಒಂದು ಬ್ಯಾಕ್ಟೀರಿಯಾ ಹಿಡಿದಿದ್ದಳು. ಸುತ್ತಲಿನ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಅದು ತಾನೇ ಔಷಧ ತಯಾರಿಸುತ್ತದೆ. ನಾವು ಆಂಟಿಬಯೋಟಿಕ್ ಎನ್ನುವುದು ಇಂಥದ್ದನ್ನೇ. ಔಷಧದ ಮೈಯೆಲ್ಲ ತಯಾರಾದರೂ ಅದಕ್ಕೊಂದು ಸಕ್ಕರೆಯ ತುಣುಕು ಅಂಟುವ ತನಕ ಅದರಿಂದ ಏನೂ ಸಾಯುವುದಿಲ್ಲ. ಅಂಟಿಸಲಿಕ್ಕೆ ಒಂದು ಕಿಣ್ವವಿದೆ. ಆ ಕಿಣ್ವವನ್ನು ಬೇರೆಯಾಗಿ ತಯಾರಿಸಿ, ಕೆಲಸ ಮಾಡಿಸಿ ತೋರಿಸುವುದೇ ಮಧುರಾಳ ಪ್ರಬಂಧ.

ಕಿಣ್ವದ ಜೀನಿಗೆ ತಾಗಿಕೊಂಡೇ ಇನ್ನೊಂದು ಜೀನ್ ಇತ್ತು. ಅದರ ಪ್ರೋಟೀನು ನೋಡಲು ಬೇರೊಂದು ಜಾತಿಯ ಕಿಣ್ವದ ಹಾಗೆ, ಆದರೆ ಆ ಜಾತಿಯ ಕೆಲಸಕ್ಕೆ ಬೇಕಾದ ಕಬ್ಬಿಣ ಹಿಡಿದುಕೊಳ್ಳುವ ಜಾಗವೇ ಅದರಲ್ಲಿಲ್ಲ. “ಸತ್ತ ಜೀನು, ಕಡಿದು ಹಾಕು” ಎಂದೆ. ನಾನು ಮಡಿಯ ಮನೆಯವನು. ಆಯಿ ಮಡಿಯುಟ್ಟು ಅಡುಗೆಗೆ ನಿಂತರೆ ನಾವು ಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ಲ್ಯಾಬಿನಲ್ಲೂ ನನ್ನದು ಅದೇ ಕಟ್ಟಳೆ: ಕಿಣ್ವ ಒಂಟಿಯಾಗಿರಬೇಕು, ಇನ್ನೊಂದು ಅದನ್ನು ಮುಟ್ಟಿರಬಾರದು.

ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಿಣ್ವ ತಯಾರಾಗುತ್ತಿತ್ತು, ಮುದ್ದೆಗಟ್ಟಿ ಬಿದ್ದಿರುತ್ತಿತ್ತು. ಸಕ್ಕರೆ ಎದುರಿಗಿಟ್ಟರೂ ಮೂಸುತ್ತಿರಲಿಲ್ಲ. 2006ರ ಮಾರ್ಚಿನಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಮೇ ಮುಗಿಯುವುದರೊಳಗೆ ಫಲಿತಾಂಶ ತೋರಿಸದಿದ್ದರೆ ಅವಳ ನೋಂದಣಿ ರದ್ದು.

“ಸರ್, ಒಂದ್ಸಲ ಕಡಿಯದ್ದೆ ಮಾಡಿ ನೋಡ್ತೆ” ಎಂದಳು.

“ಎಂತಕ್ಕೆ? ಇದ್ದಿದ್ದನ್ನೂ ಕೆಡಿಸಲೆ? ಅದೆಲ್ಲ ಬೇಡ.”

ಕಿವಿ ಕೆಂಪಗಾಯಿತು. ಹೋದಳು.

ಏಪ್ರಿಲಿನಲ್ಲಿ ಅಪ್ಪನ ಶ್ರಾದ್ಧಕ್ಕೆಂದು ನಾನು ಸಿದ್ದಾಪುರದ ದೊಡ್ಮನೆಗೆ ಹೋದವನು ಒಂದು ವಾರ ಅಲ್ಲೇ ಉಳಿದೆ. ಕಡಿಯುವುದಕ್ಕೆ ಮುಂಚಿನ ಡಿಎನ್‌ಎ ತುಣುಕನ್ನು ಅವಳು ಫ್ರೀಜರಿನಲ್ಲಿ ಇಟ್ಟುಕೊಂಡಿದ್ದಳು. ನನ್ನ ಮಾತು ಮೀರಿ, ಅಷ್ಟರಲ್ಲಿ ಎರಡೂ ಜೀನ್‌ಗಳನ್ನು ಒಂದೇ ಜೀವಕೋಶದಲ್ಲಿ ಬೆಳೆಸಿಬಿಟ್ಟಿದ್ದಳು.

ತಿರುಗಿ ಬಂದು ಇದು ತಿಳಿದಾಗ ಬೈಯಲು ಬಾಯಿ ತೆರೆದೆ. ಅವಳು ಒಂದು ಗಾಜಿನ ತಟ್ಟೆಯನ್ನು ಕೈಗಿಟ್ಟಳು. ತಟ್ಟೆಯ ತುಂಬ ಬೇರೊಂದು ಬ್ಯಾಕ್ಟೀರಿಯಾ ಮಬ್ಬುಮಬ್ಬಾಗಿ ಹಬ್ಬಿತ್ತು. ನಡುವೆ, ಆ ಕಿಣ್ವದಿಂದಾದ ಔಷಧದ ಹನಿ ಬಿದ್ದಲ್ಲಿ, ಎಂಟಾಣೆ ಅಗಲದ ತಿಳಿ ವೃತ್ತ. ಅಷ್ಟು ಜಾಗದಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ಸಕ್ಕರೆ ಅಂಟಿತ್ತು.

“ಆ ಸತ್ತ ಜೀನು ಎಂತ ಮಾಡ್ತು?” ಎಂದು ಕೇಳಿದೆ.

“ಅದರ ಪ್ರೋಟೀನು ಸಕ್ಕರೆ ಮುಟ್ತಿಲ್ಲೆ ಸರ್. ಕಿಣ್ವದ ಜೊತಿಗೆ ಇರ್ತು, ಅಷ್ಟೇಯ.”

ಮುಂದಿನ ತಿಂಗಳು ಅವಳು ಇನ್ನೊಂದು ತೋರಿಸಿದಳು. ಎರಡನ್ನೂ ಕೂಡಿ ಬೆಳೆಸಿ, ಆಮೇಲೆ ಆ ಜೊತೆಗಾರ ಪ್ರೋಟೀನನ್ನು ಬೇರ್ಪಡಿಸಿ ಚೆಲ್ಲಿದಳು. ಕಿಣ್ವ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಇಂದಿಗೂ ನೆನೆದರೆ ಮೈ ಜುಂ ಎನ್ನುತ್ತದೆ. ತಾನಾಗಿ ಒಂದು ಸಕ್ಕರೆಯನ್ನೂ ಅಂಟಿಸದ ಪ್ರೋಟೀನು, ಆಗಷ್ಟೇ ಹುಟ್ಟುವ ಕಿಣ್ವಕ್ಕೆ ಬೆರಳು ಕೊಟ್ಟು ನಿಲ್ಲಿಸುತ್ತದೆ; ನಿಂತ ಮೇಲೆ ಅದು ಇಲ್ಲದಿದ್ದರೂ ನಡೆಯುತ್ತದೆ. ಕಣ್ಣಿಗೆ ಕಾಣದ ಜೀವಿಯೊಂದು ನಮ್ಮ ಬೆಟ್ಟದ ಮಣ್ಣಿನಲ್ಲಿ ಇದನ್ನು ಯಾವ ಕಾಲದಿಂದ ಮಾಡಿಕೊಂಡು ಬಂದಿದೆಯೋ. ಅದರ ಮೇಲೆಯೇ ನಾನು ದಿನಾ ಚಪ್ಪಲಿ ಮೆಟ್ಟಿ ತಿರುಗುತ್ತಿದ್ದೆ.

ನೋಂದಣಿ ಉಳಿಯಿತು. ಮರುವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧ ತಿರುವಿ ಹಾಕುತ್ತ ಕೇಳಿದರು: “ಈ ಜೊತೆಗಾರನನ್ನು ಮೂರು ವರ್ಷ ಹೊರಗಿಟ್ಟ ಪುಣ್ಯಾತ್ಮರು ಯಾರಮ್ಮ?”

ಮಧುರಾ ನನ್ನ ಹೆಸರು ಹೇಳಲಾರಳು. ಹೇಳದಿದ್ದರೆ ಅವಳಿಗೇ ತಿಳಿವಳಿಕೆಯಿಲ್ಲ ಎಂದಾಗುತ್ತದೆ. ನಾನು ಎದ್ದೆ. “ನಾನು ಸರ್. ಕಡಿಯದೆ ನೋಡ್ತೇನೆ ಅಂತ ಅವಳು ಕೇಳಿದ್ದಳು, ನಾನೇ ಬಿಡಲಿಲ್ಲ. ತಪ್ಪು ಬರೆಯುವುದಿದ್ದರೆ ನನ್ನ ಹೆಸರಿಗೆ ಬರೆಯಿರಿ.”

“ತಪ್ಪಲ್ಲ ಸರ್” ಎಂದಳು ಮಧುರಾ, ಅವರಿಗೋ ನನಗೋ. “ಕಡಿಯದೇ ಇದ್ದಿದ್ದರೆ, ಅದಿಲ್ಲದೆ ಕಿಣ್ವ ಏಳುವುದಿಲ್ಲ ಅನ್ನೋದು ನಮಗೆ ಗೊತ್ತಾಗ್ತಿರಲಿಲ್ಲ. ಎರಡನೇ ಅಧ್ಯಾಯ ನೋಡಿ.”

ಅದರಲ್ಲಿ ಮೂರು ವರ್ಷದ ಅಷ್ಟೂ ಸೋಲುಗಳಿದ್ದವು, ತಾರೀಖಿನ ಸಮೇತ, ಐವತ್ತೆರಡು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಓದಿದರು. ಕೊನೆಗೆ, “ಇಡೀ ಪ್ರಬಂಧದ ಬೆನ್ನೆಲುಬು ಇದೇ” ಎಂದರು.

ಆ ಅಧ್ಯಾಯವನ್ನು ತೆಗೆದುಹಾಕು ಎಂದು ನಾನು ಅವಳಿಗೆ ಎರಡು ಸಲ ಹೇಳಿದ್ದೆ.