ಪಾಚಿಯ ಕೆಳಗಿನ ತಂತಿ

ಕುಳ್ಳಿಯನ್ನು ಕೊಂದದ್ದು ವನಜಕ್ಕ ಅಲ್ಲ, ನಾನು. ಇದು ನನಗೆ ಆರು ವರ್ಷಗಳಿಂದ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಾಲ್ಕು ಜನರ ಎದುರು ಅವರ ಮೇಲೆ ಹೊರಿಸಿದ ಅಪವಾದವನ್ನು ಅವರ ತಲೆಯ ಮೇಲೇ ಇರಗೊಟ್ಟು, ನಾನು ದಿನಾ ಊಟ ಮಾಡಿ, ಪೇಪರ್ ಓದಿ, ಗಿಡಗಳಿಗೆ ನೀರು ಹಾಕಿಕೊಂಡು ಹಾಯಾಗಿದ್ದೆ — ಹಾಯಾಗಿ ಅನ್ನುವುದೂ ಸುಳ್ಳೇ, ಆದರೆ ಇದ್ದೆ.

ಕುಳ್ಳಿ ಅಂದರೆ ಒಂದು ಗಿಡ. ಗೇಣಿಗಿಂತ ಎತ್ತರ ಬೆಳೆಯದ, ಸೂಜಿ ಎಲೆಯ ಜುನಿಪರ್. ಒಂದು ಪಕ್ಕ ಬೂದಿ ಬಳಿದಂಥ ನೀಲಿ, ಇನ್ನೊಂದು ಪಕ್ಕದಲ್ಲಿ ಅಲ್ಲಲ್ಲಿ ಕೆನೆ ಬಣ್ಣದ ಕುಚ್ಚು. ಕೂನೂರಿನ ಒಬ್ಬ ಮುದಿ ಮಾಲಿ ದೊಡ್ಡ ಮರವೊಂದರಲ್ಲಿ ಗಂಟುಗಂಟಾಗಿ ಬೆಳೆದಿದ್ದ ಕೊಂಬೆಯಿಂದ ಅದನ್ನು ಎಬ್ಬಿಸಿದ್ದನಂತೆ. ಬೇರೆ ಎಲ್ಲೂ ಇಲ್ಲ ಅಂದಿದ್ದ. ಚೆನ್ನೈಯ ಸೆಕೆಯಲ್ಲಿ ಬೆಟ್ಟದ ಗಿಡ ಬೆಳೆಸಲು ಹೊರಡುವವರಿಗೆ ತಲೆ ಸರಿ ಇರುವುದಿಲ್ಲ, ಒಪ್ಪುತ್ತೇನೆ. ಅಡ್ಯಾರಿನ ನಮ್ಮ ಹಳೆಯ ಕಟ್ಟಡದ ತಾರಸಿಯಲ್ಲಿ ಹಸಿರು ಬಲೆ ಕಟ್ಟಿಸಿ ಅದರ ಕೆಳಗೆ ನಲವತ್ತು ಕುಂಡ ಇಟ್ಟಿದ್ದೆ. ಹೊಂಬಣ್ಣದ ಥೂಜಾ, ದಾರ ಇಳಿಬಿಟ್ಟಂತೆ ಎಲೆ ಜೋತುಬೀಳುವ ಸೈಪ್ರಸ್, ಚೆಂಡಿನ ಹಾಗೆ ದುಂಡಗಾಗುವ ಇನ್ನೊಂದು — ಸತ್ತವು ಎಷ್ಟೋ, ಉಳಿದವು ನಲವತ್ತು. ಅವುಗಳ ನಡುವೆ ಕುಳ್ಳಿಗೆ ರಾಣಿಯ ಜಾಗ.

ನನ್ನ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಪ್ಪತ್ತೆಂಟು ವರ್ಷ ಇನ್ಶೂರೆನ್ಸ್ ಕಚೇರಿಯ ಕ್ಲೇಮ್ ವಿಭಾಗದಲ್ಲಿ ದುಡಿದವಳು ನಾನು. ಅಂಗಡಿಗೆ ಬೆಂಕಿ ಬಿತ್ತು ಅಂದರೆ ಹಚ್ಚಿದವರು ಯಾರು ಅಂತ ಕೇಳುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೂ ಆ ಕಣ್ಣು ನಿವೃತ್ತಿಯಾಗಲಿಲ್ಲ. ಹಾಲಿನವನ ಅಳತೆ, ಕೆಲಸದವಳ ತಲೆನೋವು, ನೆಂಟರ ಪ್ರೀತಿ — ಯಾವುದನ್ನೂ ಪುರಾವೆ ಇಲ್ಲದೆ ಒಪ್ಪಿದವಳಲ್ಲ. ಜನ ನನ್ನನ್ನು ಚುರುಕು ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ವನಜಕ್ಕ ಕೆಳಮನೆಯವರು. ಕುಂದಾಪುರದ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಯಜಮಾನರು ಎಗ್ಮೋರಿನ ಹತ್ತಿರ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ತಾರಸಿಯ ಇನ್ನೊಂದು ತುದಿಯಲ್ಲಿ ಅವರದ್ದೂ ಹತ್ತಾರು ಡಬ್ಬ — ಮಲ್ಲಿಗೆ, ಕರಿಬೇವು, ಬಸಳೆ. ಕಡ್ಡಿ ಚುಚ್ಚಿದರೆ ಸಾಕು, ಅವರ ಕೈಯಲ್ಲಿ ಚಿಗುರುತ್ತಿತ್ತು. ನನಗೆ ಅದರಲ್ಲೂ ಸಂಶಯ. ಇಷ್ಟು ಸುಲಭವಾಗಿ ಚಿಗುರಿಸುವವರು ನನ್ನ ಕುಳ್ಳಿಯಿಂದ ಒಂದು ಕಡ್ಡಿ ಮುರಿದುಕೊಂಡರೆ? ಗಿಡ ಕೂಡಿಡುವವರಲ್ಲಿ ಒಂದು ರೂಢಿ ಇದೆ: ಅಪರೂಪದ್ದು ಸಿಕ್ಕರೆ ಅದರ ಒಂದು ಕಡ್ಡಿಯನ್ನು ಸ್ನೇಹಿತರ ಮನೆಯಲ್ಲೂ ಬೇರು ಬಿಡಿಸಿಡುವುದು. ನಮ್ಮದು ಸತ್ತರೆ ಅವರದ್ದು ಉಳಿದಿರಲಿ ಅಂತ. ಜೀವನವಿಡೀ ವಿಮೆಯ ಕಾಗದ ಹಿಡಿದಿದ್ದ ನಾನು ಆ ಒಂದು ವಿಮೆ ಮಾಡಿಸಲಿಲ್ಲ. ಕುಳ್ಳಿ ನನ್ನ ಹತ್ತಿರ ಮಾತ್ರ ಇರಬೇಕಿತ್ತು.

ಆಮೇಲೆ ತಾರಸಿ ತೋಟದವರ ಒಂದು ಪ್ರದರ್ಶನ ನಡೆಯಿತು. ಯಾರದೋ ಕುಂಡ ಯಾರದೋ ಮನೆಗೆ ಹೋಗಿ, ವಾಪಸು ಬಂದದ್ದು ತನ್ನ ಗಿಡವೇ ಅಲ್ಲ ಅಂತ ಒಬ್ಬಾಕೆ ಗಲಾಟೆ ಮಾಡಿದಳು. ಮನೆಗೆ ಬಂದವಳೇ ನಾನು ಹಳೆಯ ಟೆಲಿಫೋನ್ ತಂತಿಯ ಸಿಪ್ಪೆ ಸುಲಿದು ತಾಮ್ರದ ಒಂದು ಎಳೆ ತೆಗೆದೆ. ಕುಳ್ಳಿಯ ಬುಡಕ್ಕೆ, ಮಣ್ಣಿನ ಮಟ್ಟದಲ್ಲಿ, ಮೂರು ಸುತ್ತು ಬಿಗಿದೆ. ಮೇಲೆ ಪಾಚಿ ಮುಚ್ಚಿದೆ. ಗುರುತು. ಯಾರಾದರೂ ಗಿಡ ಬದಲಿಸಿದರೆ ಪಾಚಿ ಎತ್ತಿ ತೋರಿಸಬಹುದು, ಬಾಯಿ ಮುಚ್ಚಿಸಬಹುದು. ಸಡಿಲ ಬಿಟ್ಟರೆ ಬಿಚ್ಚಿಕೊಂಡಾರು ಅಂತ ಚೆನ್ನಾಗಿಯೇ ಬಿಗಿದೆ. ಅಂಥ ದಿನ ಬರಲೇ ಇಲ್ಲ, ನಾನು ತಂತಿಯನ್ನು ಮರೆತೆ.

ಗಿಡ ಮರೆಯಲಿಲ್ಲ. ಬುಡ ದಪ್ಪವಾಗುತ್ತ ಹೋಯಿತು, ತಂತಿ ಹಿಗ್ಗಲಿಲ್ಲ. ಎರಡನೆಯ ವರ್ಷ ಪಾಚಿಯ ಮೇಲ್ಗಡೆ ಕಾಂಡ ಊದಿಕೊಂಡದ್ದನ್ನು ಕಂಡು, ನೋಡಿ ಹೇಗೆ ಮುದಿಮರದ ಲಕ್ಷಣ ಬಂದಿದೆ ಅಂತ ಬಂದವರಿಗೆಲ್ಲ ತೋರಿಸಿ ಬೀಗಿದೆ.

ಆ ಬೇಸಿಗೆಯಲ್ಲಿ ತಮ್ಮನ ಮಗಳ ಮದುವೆಗೆ ಹತ್ತು ದಿನ ಮೈಸೂರಿಗೆ ಹೋಗಬೇಕಾಯಿತು. ಗಿಡಗಳನ್ನು ವನಜಕ್ಕನಿಗೆ ಒಪ್ಪಿಸಿದೆ — ಬೇರೆ ಯಾರೂ ಇರಲಿಲ್ಲ. ನಮ್ಮ ಬೋರಿನ ನೀರು ಉಪ್ಪು, ಸೂಜಿ ಎಲೆಯ ಗಿಡಗಳಿಗೆ ವಿಷ. ಡ್ರಮ್ಮಿನಲ್ಲಿ ಮಳೆನೀರು ತುಂಬಿಟ್ಟಿದ್ದೆ. ಅದನ್ನೇ ಹಾಕಬೇಕು ಅಂತ ಒಂದು ಕಾಗದ ತುಂಬ ಸೂಚನೆ ಬರೆದುಕೊಟ್ಟೆ. ಹೋಗುವ ಮುಂಚೆ ಡ್ರಮ್ಮಿನ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆಯನ್ನೂ ಎಳೆದೆ. ಅದನ್ನು ಅವರಿಗೆ ಹೇಳಲಿಲ್ಲ.

ವಾಪಸು ಬಂದಾಗ ಕುಳ್ಳಿಯ ನೀಲಿ ಮಾಸಿತ್ತು. ಒಂದು ವಾರದಲ್ಲಿ ತುದಿಗಳು ಕಂದಾದವು, ಮುಟ್ಟಿದರೆ ಉದುರಿದವು. ನಾನು ಮೊದಲು ಓಡಿದ್ದು ಡ್ರಮ್ಮಿನ ಹತ್ತಿರ. ನೀರು ಗೆರೆಗಿಂತ ಎರಡು ಬೆರಳಷ್ಟೇ ಇಳಿದಿತ್ತು. ಹತ್ತು ದಿನಕ್ಕೆ, ನಲವತ್ತು ಕುಂಡಕ್ಕೆ, ಎರಡು ಬೆರಳು. ಅಂದರೆ ಬೋರಿನ ನೀರು ಹಾಕಿದ್ದಾರೆ. ಕೇಸು ಮುಗಿಯಿತು.

ಮಾರನೆಯ ಭಾನುವಾರ ತಾರಸಿ ತೋಟದ ಗುಂಪಿನ ನಾಲ್ವರು ಬಂದಿದ್ದರು. ಅವರ ಮುಂದೆಯೇ ವನಜಕ್ಕನನ್ನು ಕರೆದು ಕೇಳಿದೆ. ಅವರು ಗಾಬರಿಯಾದರು.

"ಡ್ರಮ್ಮಿನಲ್ಲಿ ಹುಳ ಆಗಿತ್ತು ಮಾರಾಯ್ರೆ. ಗಿಡಕ್ಕೆ ಎಂತಾದ್ರೂ ಆದ್ರೆ ಅಂತ ಎರಡನೇ ದಿನದಿಂದ ನಮ್ಮ ಕುಡಿಯುವ ಕ್ಯಾನಿನ ನೀರೇ ತಂದು ಹಾಕಿದ್ದು ನಾನು."

ಲಿಫ್ಟ್ ಇಲ್ಲದ ಕಟ್ಟಡ. ಮಂಡಿನೋವಿನ ಹೆಂಗಸು. ಏಪ್ರಿಲ್ ತಿಂಗಳ ಚೆನ್ನೈಯಲ್ಲಿ ಕುಡಿಯುವ ನೀರನ್ನು ಮೂರು ಮಹಡಿ ಹೊತ್ತು ತಂದು ಬೇರೆಯವರ ಗಿಡಕ್ಕೆ ಹಾಕುವವರು ಯಾರು? ನಾನಾಗಿದ್ದರೆ ಹಾಕುತ್ತಿರಲಿಲ್ಲ. ಆದ್ದರಿಂದ ಅವರೂ ಹಾಕಿಲ್ಲ — ಇಷ್ಟೇ ನನ್ನ ತರ್ಕ.

"ಗಿಡ ಸಾಯಿಸಿದ್ದು ಸಾಯಿಸಿದ್ರಿ, ಸುಳ್ಳನ್ನಾದ್ರೂ ಹೇಳ್ಬೇಡಿ ವನಜಕ್ಕ" ಅಂದೆ.

ಅವರು ಒದ್ದೆಯೇ ಇಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಇಳಿದು ಹೋದರು. ಬಂದಿದ್ದವರಲ್ಲಿ ಒಬ್ಬರು "ಪಾವಂ" ಅಂದರು. ಪಾಪ ಅಂದದ್ದು ನನ್ನನ್ನು ಅಂತಲೇ ನಾನು ತಿಳಿದುಕೊಂಡೆ.

ಇಲ್ಲಿಯವರೆಗಿನದನ್ನು ದುಡುಕು ಅನ್ನಬಹುದೇನೋ. ಆದರೆ ಅದೂ ಪೂರ್ತಿ ನಿಜವಲ್ಲ. ಸೂಜಿ ಎಲೆಯ ಗಿಡ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಬಣ್ಣ ಕೆಡುವ ಹೊತ್ತಿಗೆ ಬೇರು ಸತ್ತು ಎಷ್ಟೋ ದಿನವಾಗಿರುತ್ತದೆ. ಇದನ್ನು ಆ ಗುಂಪಿಗೆಲ್ಲ ಪಾಠ ಹೇಳಿದವಳೇ ನಾನು. ಹತ್ತು ದಿನದ ಉಪ್ಪುನೀರಿಗೆ ಕುಳ್ಳಿ ಹಾಗೆ ಸಾಯಲಾರದು ಅನ್ನುವುದು ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಸಿಟ್ಟಿಗೆ ಒಬ್ಬರು ಬೇಕಿತ್ತು.

ಒಂದು ತಿಂಗಳಾದ ಮೇಲೆ ಕುಂಡ ಖಾಲಿ ಮಾಡಲು ಕೂತೆ. ಗಿಡ ಹಿಡಿದು ಎಳೆದರೆ ಬುಡದಲ್ಲೇ ಮುರಿದು ಕೈಗೆ ಬಂತು. ಪಾಚಿ ಸರಿಸಿದೆ. ತಂತಿ ತೊಗಟೆಯೊಳಗೆ ಇಳಿದು ಹುದುಗಿತ್ತು. ಅದರ ಮೇಲೆ ಹೆಬ್ಬೆರಳಿನಷ್ಟು ಊತ, ಕೆಳಗೆ ಪೆನ್ಸಿಲಿನಷ್ಟು ಸಣಕಲು. ಕೆದಕಿ ತಂತಿಯನ್ನು ಬಿಡಿಸಿ ಕೈಗೆ ತೆಗೆದುಕೊಂಡೆ. ಬೇರಿಗೆ ಅನ್ನ ಇಳಿಯುವ ದಾರಿಯನ್ನೇ ನಾನು ಕಟ್ಟಿಹಾಕಿದ್ದೆ. ಕಳ್ಳರು ಬಂದಾರು ಅಂತ ಕಟ್ಟಿದ್ದು.

ವನಜಕ್ಕ ಆಗ ತಾರಸಿಯ ಆ ತುದಿಯಲ್ಲಿ ಬಟ್ಟೆ ಹರವುತ್ತಿದ್ದರು. ಮಾತು ನಿಂತು ತಿಂಗಳಾಗಿತ್ತು. ನಾನು ಕುಕ್ಕರುಗಾಲಿನಲ್ಲಿ ಕೂತು ಬುಡವನ್ನೇ ನೋಡುತ್ತಿರುವುದನ್ನು ಕಂಡು, ಕೈಯಲ್ಲಿ ಒದ್ದೆ ಟವೆಲ್ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದರು.

"ಎಂತ, ಬೇರಿನಲ್ಲಿ ಏನಾದ್ರೂ ಸಿಕ್ಕಿತಾ?"

ಆ ದನಿಯಲ್ಲಿ ಎಷ್ಟು ಆಸೆ ಇತ್ತು ಅಂದರೆ — ಹುಳವೋ, ಕೊಳೆಯೋ, ಏನಾದರೂ ಸಿಗಲಿ, ತನ್ನ ಮೇಲಿನದು ಇಳಿಯಲಿ ಅಂತ. ನಾನು ಮುಷ್ಟಿ ಮುಚ್ಚಿದೆ. ತಂತಿಯ ತುದಿ ಅಂಗೈಗೆ ಚುಚ್ಚಿತು.

"ಏನಿಲ್ಲ" ಅಂದೆ.

ಈ ಒಂದು ಮಾತೇ ನನ್ನ ತಪ್ಪು. ಗಿಡ ಕೊಂದದ್ದು ಅದರ ಮುಂದೆ ಸಣ್ಣದು.

ಅವರು ಮುಂದಿನ ವಾರದೊಳಗೆ ತಮ್ಮ ಡಬ್ಬಗಳನ್ನೆಲ್ಲ ಅವರಿವರಿಗೆ ಕೊಟ್ಟುಬಿಟ್ಟರು. ಕರಿಬೇವನ್ನೂ ಇಟ್ಟುಕೊಳ್ಳಲಿಲ್ಲ. ವರ್ಷ ತುಂಬುವ ಮೊದಲು ಮಗನ ಮನೆ ಅಂತ ಕ್ರೋಂಪೇಟೆಗೆ ಹೋದರು. ಹೋಗುವಾಗ ಬಾಗಿಲಿಗೆ ಬಂದು ಹೇಳಿಯೇ ಹೋದರು. ಅದರಲ್ಲೂ ನಾನು ಏನೋ ಹುಡುಕಿದೆ — ಹಂಗಿಸಲು ಬಂದರೋ, ಊರಿಗೆಲ್ಲ ಹೇಳುವ ಮೊದಲು ನನ್ನ ಮುಖ ನೋಡಿಕೊಂಡು ಹೋಗಲು ಬಂದರೋ ಅಂತ.

ಹೋದ ತಿಂಗಳು ಅವರ ಮಂಡಿಗೆ ಆಪರೇಷನ್ ಆಯಿತೆಂದು ತಿಳಿದು, ಹಣ್ಣು ಹಿಡಿದುಕೊಂಡು ಕ್ರೋಂಪೇಟೆಗೆ ಹೋದೆ. ಹೇಳಿಬಿಡಬೇಕು ಅಂತ ಹೋದೆನೋ, ಅವರಿಗೆ ಗೊತ್ತಾಗಿದೆಯೋ ಎಂದು ನೋಡಲು ಹೋದೆನೋ — ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎರಡನೆಯದು. ಸೊಸೆ ಬಾಗಿಲು ತೆಗೆದಳು. ಇಲ್ಲೇ ಓದಿ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ವನಜಕ್ಕ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಲೆಯಲ್ಲಿ, ಹೋಟೆಲಿನ ಎಣ್ಣೆ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿದ ಕುಂಡ. ಅದರಲ್ಲಿ ಒಂದು ಪಕ್ಕ ನೀಲಿ, ಒಂದು ಪಕ್ಕ ಕೆನೆ ಕುಚ್ಚು.

ಕುಳ್ಳಿ.

ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯದಿದ್ದರೆ ಇದೆಲ್ಲ ಬರೆದೂ ದಂಡ. ಕದ್ದಿದ್ದರು, ನನ್ನ ಅನುಮಾನ ಸರಿಯೇ ಇತ್ತು — ಅಂತ ಅನಿಸಿತು. ಅಷ್ಟೇ ಅಲ್ಲ, ಖುಷಿಯಾಯಿತು. ಆರು ವರ್ಷದ ಭಾರ ಇಳಿದಂಥ ಖುಷಿ. ಕೈ ಚಾಚಿದೆ. "ಅದು ಅತ್ತೆಯೋಡ ಚೆಡಿ ಆಂಟಿ, ತೊಡಾದೀಂಗ" ಅಂದಳು ಸೊಸೆ. ಅತ್ತೆಯ ಗಿಡವಂತೆ, ಮುಟ್ಟಬಾರದಂತೆ.

"ಇದು ಎಲ್ಲಿಂದ ಬಂತು?" ಅಂತ ಕೇಳಿದೆ. ಕ್ಲೇಮ್ ವಿಭಾಗದ ದನಿಯಲ್ಲೇ ಕೇಳಿದೆ.

ವನಜಕ್ಕ ತಲೆ ತಗ್ಗಿಸಿದರು. "ಮದುವೆಗೆ ಹೋಗುವ ಹಿಂದಿನ ಮಳೆಗಾಲದಲ್ಲಿ ನೀವು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ರಲ್ಲ, ಅದರಿಂದ ಒಂದು ಕಡ್ಡಿ ಹೆಕ್ಕಿ ನೆಟ್ಟದ್ದು. ಬೇರು ಬಿಟ್ಟಿತ್ತು. ನೀವು ಮೈಸೂರಿಂದ ಬಂದ ಕೂಡ್ಲೇ ಕೊಡುವ ಅಂತ ಇದ್ದೆ. ಒಂದೇ ಗಿಡ, ಹೋದ್ರೆ ಹೋಯ್ತು ಅಂತ ನೀವೇ ಹೆದರ್ತಿದ್ರಿ ಅಲ್ವಾ? ಮತ್ತೆ ಹಾಗೆಲ್ಲ ಆಯ್ತು. ಆಮೇಲೆ ಹೇಗೆ ಕೊಡುವುದು? ಕದ್ದದ್ದು ಅಂತ ಅಂದ್ಕೊಳ್ತಿದ್ರಿ."

ಅವರು ಮುಂದುವರಿಸಿದರು.

"ಈಗ್ಲೂ ಕೈ ತೊಳ್ಕೊಂಡೇ ಮುಟ್ಟುವುದು ನಾನು ಇದನ್ನು. ಆ ಕ್ಯಾನಿನ ನೀರಲ್ಲಿ ಎಂತ ಇತ್ತೋ, ನನ್ನ ಕೈಯಲ್ಲೇ ಎಂತ ಉಂಟೋ ಅಂತ. ಬೇರೆ ಯಾವ ಗಿಡವೂ ಇಟ್ಟುಕೊಳ್ಳಲಿಲ್ಲ ಮತ್ತೆ. ಇದನ್ನು ನೀವು ತಕೊಂಡು ಹೋಗಿ, ನಿಮ್ಮದೇ."

ತೆಗೆದುಕೊಂಡು ಬಂದೆ. ಆಗಲೂ ಹೇಳಲಿಲ್ಲ. ಎಣ್ಣೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಕೂತು, ಇದನ್ನು ಕೊಟ್ಟು ನನ್ನನ್ನು ಋಣದಲ್ಲಿ ಕೆಡವುವ ಹಂಚಿಕೆಯಿರಬಹುದೇ ಅಂತಲೂ ಒಮ್ಮೆ ಯೋಚಿಸಿದೆ. ಗಿಂಡಿ ಸ್ಟೇಷನ್ ಬರುವ ಹೊತ್ತಿಗೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಈಗ ಮೂರು ವಾರವಾಯಿತು. ಗಿಡ ಹಸಿರಾಗಿದೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಮೊದಲೇ ಹೇಳಿದೆನಲ್ಲ. ದಿನಕ್ಕೆ ಎರಡು ಸಲ ಬುಡ ನೋಡುತ್ತೇನೆ, ಅಲ್ಲಿ ಯಾವ ಗುರುತೂ ಇಲ್ಲ. ತಂತಿಯನ್ನು ಅಂದೇ ಬಿಸಾಡಬಹುದಿತ್ತು. ಯಾಕೋ ಒಂದು ಹಳೆಯ ಕುಂಕುಮದ ಡಬ್ಬಿಯಲ್ಲಿ ಹಾಕಿಟ್ಟಿದ್ದೆ — ಪುರಾವೆ ಎಸೆಯುವ ಅಭ್ಯಾಸ ನನಗಿಲ್ಲ.

ಗುರುವಾರ ಮತ್ತೆ ಕ್ರೋಂಪೇಟೆಗೆ ಹೋಗುತ್ತೇನೆ. ಗಿಡವನ್ನು ಅದೇ ಎಣ್ಣೆ ಡಬ್ಬದಲ್ಲಿ ಅದೇ ಮೂಲೆಯಲ್ಲಿ ಇಡುತ್ತೇನೆ. ತಂತಿಯನ್ನು ಅವರ ಕೈಯಲ್ಲಿ ಇಡುತ್ತೇನೆ — ಆರು ವರ್ಷದಿಂದ ತೊಳೆಯುತ್ತಲೇ ಇರುವ ಆ ಕೈಯಲ್ಲಿ. ಕ್ಷಮೆ ಕೇಳುವ ಮಾತುಗಳನ್ನು ನಾನು ಸಿದ್ಧ ಮಾಡಿಕೊಂಡಿಲ್ಲ, ಅವರು ಕ್ಷಮಿಸಬೇಕೆಂದೂ ಇಲ್ಲ. ಅಂದು ತಾರಸಿಯಲ್ಲಿ, ಒದ್ದೆ ಟವೆಲ್ ಹಿಡಿದುಕೊಂಡು ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಹೇಳಿ ಬರುತ್ತೇನೆ.

ಸಿಕ್ಕಿತ್ತು, ವನಜಕ್ಕ.